ಅಡಕದ ಅಕ್ಷರ

ದಿನವೂ ಕಾಣುವ ವಸ್ತುಗಳೇ ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಹೆಚ್ಚು. ಮನೆಯ ಹೊಸ್ತಿಲನ್ನು ದಿನಕ್ಕೆ ಇಪ್ಪತ್ತು ಸಲ ದಾಟುತ್ತೇವೆ. ಅದು ಯಾವ ಮರದ್ದೆಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಅಚ್ಚಿನ ಅಕ್ಷರದ ಪಾಡೂ ಹೀಗೆಯೇ. ಇಂಗ್ಲಿಷ್ ಪಠ್ಯಪುಸ್ತಕವನ್ನೋ ಪ್ರಶ್ನಪತ್ರಿಕೆಯನ್ನೋ ಓದುವಾಗ ಅರ್ಥದ ಬೆನ್ನು ಹತ್ತಿ ಓಡುತ್ತೇವೆಯೇ ಹೊರತು, ಆ ಅರ್ಥವನ್ನು ಹೊತ್ತು ತಂದ ಅಕ್ಷರದ ಮುಖವನ್ನು ತಿರುಗಿ ನೋಡುವುದಿಲ್ಲ. ಟಪಾಲಿನವನ ಕೈಯಿಂದ ಕಾಗದವನ್ನು ಇಸಿದುಕೊಂಡು, ಬಿಸಿಲಲ್ಲಿ ನಿಂತ ಅವನಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳದೆ ಒಳಗೆ ಓಡಿದ ಹಾಗೆ.

ಈ ವರ್ಷದ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಅಧ್ಯಾಪಕರು ಹೇಳಿದಾಗ ನಾನು 'ಟೈಮ್ಸ್ ನ್ಯೂ ರೋಮನ್' ಎಂಬ ಇಂಗ್ಲಿಷ್ ಅಕ್ಷರದ ವಿಷಯ ಬರೆಯುತ್ತೇನೆಂದೆ. ಸಹಪಾಠಿಗಳು ನಕ್ಕರು. "ಅಕ್ಷರದಿಂದ ಬರೆಯುವವರನ್ನು ಕಂಡಿದ್ದೆವು, ಅಕ್ಷರದ ಮೇಲೆಯೇ ಬರೆಯುವವನನ್ನು ಇವತ್ತು ಕಂಡೆವು" ಎಂದು ಒಬ್ಬ ಹಾಸ್ಯ ಮಾಡಿದ. ಆದರೆ ನನಗೂ ಈ ಅಕ್ಷರಕ್ಕೂ ಮೂರು ವರ್ಷಗಳ ಸಹವಾಸ. ತರಗತಿ ಮುಗಿದ ಮೇಲೆ ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ನ್ಯಾಯಾಲಯದ ಎದುರಿನ ಒಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ವಕೀಲರ ಅರ್ಜಿ, ಪ್ರಮಾಣಪತ್ರ, ಬಾಡಿಗೆಯ ಕರಾರು, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ಇವೆಲ್ಲ ನಮ್ಮ ಸರಕು. ಇಂಗ್ಲಿಷಿನ ಕೆಲಸವೆಂದರೆ ಹತ್ತಕ್ಕೆ ಎಂಟು ಪಾಲು ಈ ಅಕ್ಷರದ್ದೇ. ಅಷ್ಟು ಹೊತ್ತು ಜೊತೆಯಲ್ಲಿದ್ದವರ ಗುಣ ತಾನಾಗಿಯೇ ತಿಳಿಯುತ್ತದೆ.

ಮೊದಲು ಅದರ ರೂಪವನ್ನು ಹೇಳುತ್ತೇನೆ. ಇದರ ಹೆಸರಿನಲ್ಲಿ 'ಕಂಡೆನ್ಸ್ಡ್' ಎಂಬ ಬಿರುದಿಲ್ಲ. ಆದರೂ ಪುಸ್ತಕಗಳಲ್ಲಿ ಬಳಕೆಯಾಗುವ ಇತರ ರೋಮನ್ ಅಕ್ಷರಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ಅಡಕವಾದದ್ದೆಂದು ಕೂಡಲೇ ಕಾಣುತ್ತದೆ. ಪ್ರತಿ ಅಕ್ಷರದ ಕಾಲ ತುದಿಯಲ್ಲಿ ಸಣ್ಣದೊಂದು ಅಡ್ಡಗೆರೆ ಇರುತ್ತದೆ. ಅದಕ್ಕೆ ಸೆರಿಫ್ ಎನ್ನುತ್ತಾರೆ. ಟೈಮ್ಸಿನ ಸೆರಿಫ್ ಚೂಪಾದದ್ದು, ಹದವಾಗಿ ಸೀವಿದ ಪೆನ್ಸಿಲಿನ ಮೊನೆಯಂತೆ. ನಿಂತ ಗೆರೆಗಳು ದಪ್ಪ, ಅಡ್ಡ ಗೆರೆಗಳು ತೆಳು. ಇನ್ನು ಅದರ ಮುಖ್ಯವಾದ ಜಾಣತನವೊಂದುಂಟು. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ 'ಎಕ್ಸ್', 'ಎ', 'ಓ' ಮೊದಲಾದವು ನಡುವಿನ ಎತ್ತರದಲ್ಲಿ ನಿಲ್ಲುತ್ತವೆ. 'ಬಿ', 'ಡಿ', 'ಎಲ್' ಮೇಲಕ್ಕೆ ತಲೆ ಎತ್ತುತ್ತವೆ. 'ಪಿ', 'ವೈ' ಕೆಳಕ್ಕೆ ಕಾಲು ಇಳಿಬಿಡುತ್ತವೆ. ಟೈಮ್ಸಿನಲ್ಲಿ ನಡುವಿನ ಎತ್ತರ ದೊಡ್ಡದು. ಮೇಲಿನ ತಲೆ, ಕೆಳಗಿನ ಕಾಲು ಎರಡೂ ಮೋಟು. ಇದರಿಂದ ಏನು ಲಾಭವೆಂದರೆ, ಅಕ್ಷರದ ಅಳತೆ ಸಣ್ಣದಾದರೂ ಕಣ್ಣಿಗೆ ದೊಡ್ಡದಾಗಿ ತೋರುತ್ತದೆ. ಸಾಲುಗಳನ್ನು ಹತ್ತಿರ ಹತ್ತಿರ ಇಟ್ಟರೂ ಮೇಲಿನ ಸಾಲಿನ ಕಾಲು ಕೆಳಗಿನ ಸಾಲಿನ ತಲೆಗೆ ತಾಗುವುದಿಲ್ಲ. ಅಗಲದಲ್ಲಿ ಒಂದಿಷ್ಟು, ಎತ್ತರದಲ್ಲಿ ಒಂದಿಷ್ಟು, ಹೀಗೆ ಎರಡು ಕಡೆಯೂ ಜಾಗವನ್ನು ಉಳಿಸುವ ಗೃಹಿಣಿ ಇದು. ಆದರೆ ಉಳಿತಾಯ ಮಾಡುವವರ ಮುಖದಲ್ಲಿ ಕೆಲವೊಮ್ಮೆ ಕಾಣುವ ಬಿಗುಪು ಇದರಲ್ಲಿಲ್ಲ. ಇಸ್ತ್ರಿ ಮಾಡಿದ ಒಂದೇ ಅಂಗಿಯನ್ನು ದಿನವೂ ಒಗೆದು ಹಾಕಿಕೊಂಡು ಬರುವ ಬಡ ಮೇಷ್ಟರಂತೆ, ನೋಡಿದವರಿಗೆ ಕೊರತೆ ಗೊತ್ತಾಗದ ಹಾಗೆ ನಿಲ್ಲುತ್ತದೆ.

ಈ ಅಕ್ಷರ ಹುಟ್ಟಿದ್ದು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗಾಗಿ. ಅದರ ಹಿಂದೆ ಇದ್ದವರು ಸ್ಟಾನ್ಲಿ ಮಾರಿಸನ್. 1889ರಲ್ಲಿ ಹುಟ್ಟಿದ ಇವರ ಬಾಲ್ಯ ಸುಖದ್ದಲ್ಲ. ತಂದೆ ಸಂಸಾರವನ್ನು ಬಿಟ್ಟುಹೋದುದರಿಂದ ಹುಡುಗ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಗುಮಾಸ್ತನಾದ. ಮೊದಲನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯುವುದು ಮನಸ್ಸಾಕ್ಷಿಗೆ ವಿರುದ್ಧವೆಂದು ಹೇಳಿ ಸೆರೆಮನೆಗೆ ಹೋದ. ಕಾಲೇಜಿನ ಮೆಟ್ಟಿಲು ಹತ್ತದ ಇದೇ ವ್ಯಕ್ತಿ ಮುಂದೆ ಮಾನೊಟೈಪ್ ಕಂಪನಿಗೆ ಅಕ್ಷರಗಳ ವಿಷಯದಲ್ಲಿ ಸಲಹೆಗಾರರಾಗಿ, ಅಚ್ಚಿನ ಇತಿಹಾಸದ ದೊಡ್ಡ ಪಂಡಿತರೆನಿಸಿದರು. 1929ರಲ್ಲಿ ಅವರು, 'ದಿ ಟೈಮ್ಸ್' ಪತ್ರಿಕೆಯ ಅಚ್ಚು ಹಳತಾಗಿದೆ, ಓದಲು ಹಿತವಾಗಿಲ್ಲ ಎಂದು ಟೀಕಿಸಿದರು. ದೊಡ್ಡವರ ಟೀಕೆ ಮಾಡಿದವರನ್ನು ಹೊರಗೆ ಹಾಕುವುದು ಲೋಕರೂಢಿ. ಆ ಪತ್ರಿಕೆಯವರು ಅವರನ್ನು ಒಳಗೆ ಕರೆದರು. ಅಚ್ಚನ್ನು ಹೇಗೆ ತಿದ್ದಬೇಕೆಂಬ ವಿಷಯವಾಗಿ 1930ರಲ್ಲಿ ಮಾರಿಸನ್ ಒಂದು ದೀರ್ಘ ಟಿಪ್ಪಣಿಯನ್ನು ಬರೆದು ಒಪ್ಪಿಸಿದರು.

ಅವರ ಮುಂದಿದ್ದ ತೊಡಕನ್ನು ನಾವೂ ಒಂದು ಕ್ಷಣ ಎದುರಿಗಿಟ್ಟುಕೊಂಡು ನೋಡಬಹುದು. ಪತ್ರಿಕೆಯ ಕಾಲಂ ಕಿರಿದು; ಸುದ್ದಿ ಬಹಳ; ಕಾಗದಕ್ಕೆ ದುಡ್ಡು. ಅಕ್ಷರವನ್ನು ಸಣ್ಣದು ಮಾಡಿದರೆ ಓದುಗನ ಕಣ್ಣಿಗೆ ಶಿಕ್ಷೆ. ದೊಡ್ಡದು ಮಾಡಿದರೆ ಸುದ್ದಿಗೆ ಜಾಗವಿಲ್ಲ. ಅಗಲವಾದ ಅಕ್ಷರವನ್ನು ಕಿರಿದಾದ ಕಾಲಮಿನಲ್ಲಿ ಇಟ್ಟರೆ ಸಾಲಿಗೆ ನಾಲ್ಕೈದು ಪದಗಳು ಮಾತ್ರ ಹಿಡಿದು, ಎರಡು ಅಂಚನ್ನೂ ಸರಿಮಾಡಲು ಪದಗಳ ನಡುವೆ ಹಲ್ಲುದುರಿದ ಬಾಯಿಯಂತೆ ಸಂದುಗಳು ಬೀಳುತ್ತವೆ. ಆದ್ದರಿಂದ ಬೇಕಾದದ್ದು ಕಿರಿದಾದ ಜಾಗದಲ್ಲಿ ನಿಂತರೂ ಉಸಿರು ಕಟ್ಟದಂತಹ ಅಕ್ಷರ. ಮಾದರಿಯಾಗಿ ನಿಂತದ್ದು ಪ್ಲಾಂಟಿನ್ ಎಂಬ ಅಕ್ಷರ. ಅದನ್ನು ಮಾನೊಟೈಪ್ ಕಂಪನಿ 1913ರಲ್ಲಿ ತಯಾರಿಸಿತ್ತು. ಅದರ ಬೇರು ಹದಿನಾರನೆಯ ಶತಮಾನದ ಫ್ರೆಂಚ್ ಕುಶಲಕರ್ಮಿ ರಾಬರ್ಟ್ ಗ್ರಾಂಜನ್ ಕೊರೆದ ಮೊಳೆಗಳಲ್ಲಿತ್ತು. ಮಾರಿಸನ್ ಅವರು ಯೋಚನೆಯನ್ನು ಕೊಟ್ಟರು. ಕೈಯಲ್ಲಿ ಬರೆದವರು ಅದೇ ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಚಿತ್ರಗಾರರಾಗಿದ್ದ ವಿಕ್ಟರ್ ಲಾರ್ಡೆಂಟ್. ಹೆಸರು ಮಾತ್ರ ಹೆಚ್ಚಾಗಿ ಮಾರಿಸನ್ನರಿಗೇ ಸಂದಿತು. ಸೌದೆ ಒಡೆದವನನ್ನು ಊಟದ ಪಂಕ್ತಿಯಲ್ಲಿ ಯಾರು ನೆನೆಯುತ್ತಾರೆ?

1932ನೆಯ ಅಕ್ಟೋಬರ್ 3ರ ಸಂಚಿಕೆ ಹೊಸ ಅಕ್ಷರದಲ್ಲಿ ಹೊರಬಂದಿತು. ಒಂದು ವರ್ಷ ಕಾಲ ಅದು ಆ ಪತ್ರಿಕೆಯ ಸ್ವಂತ ಸೊತ್ತಾಗಿದ್ದು, ಬಳಿಕ ಇತರ ಮುದ್ರಕರಿಗೂ ದೊರೆಯಿತು. ಇಲ್ಲಿ ಒಂದು ವಿನೋದ ನಡೆಯಿತು. ಪತ್ರಿಕೆಗಾಗಿಯೇ ಹುಟ್ಟಿದ ಈ ಅಕ್ಷರವನ್ನು ಬೇರೆ ಪತ್ರಿಕೆಗಳು ಅಷ್ಟಾಗಿ ತೆಗೆದುಕೊಳ್ಳಲಿಲ್ಲ. 'ದಿ ಟೈಮ್ಸ್' ಉಪಯೋಗಿಸುತ್ತಿದ್ದುದು ಬಿಳಿಯದಾದ ಒಳ್ಳೆಯ ಕಾಗದ. ಸಾಧಾರಣ ಪತ್ರಿಕೆಯ ಒರಟು ಕಾಗದದ ಮೇಲೆ ಅದರ ತೆಳು ಗೆರೆಗಳು ಸರಿಯಾಗಿ ಮೂಡುತ್ತಿರಲಿಲ್ಲ. ಹುಟ್ಟಿದ ಮನೆಯ ಬೀದಿಯಲ್ಲಿ ಸಲ್ಲದ ಮಗ ಪರಸ್ಥಳದಲ್ಲಿ ಹೆಸರು ಮಾಡುವಂತೆ, ಅದು ಪುಸ್ತಕ, ನಿಘಂಟು, ವಿಜ್ಞಾನದ ನಿಯತಕಾಲಿಕೆ, ಸರ್ಕಾರದ ವರದಿ ಇವುಗಳ ಕಡೆಗೆ ಹೋಗಿ ನೆಲೆಸಿತು. ಎಲ್ಲೆಲ್ಲಿ ಹೇಳಬೇಕಾದದ್ದು ಹೆಚ್ಚು, ಜಾಗ ಕಡಮೆ, ಓದುವವನು ಅವಸರಪಡದೆ ಕೂತು ಓದಬೇಕು, ಅಲ್ಲೆಲ್ಲ ಅದಕ್ಕೆ ಕೆಲಸ ಸಿಕ್ಕಿತು. ತವರುಮನೆಯಾದ 'ದಿ ಟೈಮ್ಸ್' ಕೂಡ ನಲವತ್ತು ವರ್ಷಗಳ ಬಳಿಕ, 1972ರಲ್ಲಿ, ವಾಲ್ಟರ್ ಟ್ರೇಸಿ ಅವರು ರೂಪಿಸಿದ ಟೈಮ್ಸ್ ಯುರೋಪಾ ಎಂಬ ಬೇರೆ ಅಕ್ಷರವನ್ನು ತಂದುಕೊಂಡಿತು. ಅಷ್ಟು ಹೊತ್ತಿಗೆ ಮಗ ತವರನ್ನು ಮೀರಿ ಬೆಳೆದಿದ್ದ.

ಸೀಸದ ಮೊಳೆಗಳ ಕಾಲ ಮುಗಿದು ಗಣಕಯಂತ್ರದ ಕಾಲ ಬಂದಾಗ ಎಷ್ಟೋ ಹಳೆಯ ಅಕ್ಷರಗಳು ಮೂಲೆ ಸೇರಿದವು. ಟೈಮ್ಸಿನ ಭಾಗ್ಯ ಬೇರೆಯಾಗಿತ್ತು. 1992ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ 3.1ರ ಜೊತೆಯಲ್ಲಿ ಇದನ್ನು ಸೇರಿಸಿತು. ಅಲ್ಲಿಂದ ಮುಂದೆ ವರ್ಡ್ ತೆರೆದವರಿಗೆ, ಬೇಡವೆನ್ನದಿದ್ದರೆ, ಇದೇ ಅಕ್ಷರ ಎದುರು ನಿಲ್ಲುತ್ತಿತ್ತು. 2007ರ ಆವೃತ್ತಿಯಲ್ಲಿ ಕ್ಯಾಲಿಬ್ರಿ ಬಂದ ಮೇಲೆಯೇ ಆ ಪಟ್ಟ ತಪ್ಪಿದ್ದು. ಹೀಗೆ ಲೋಕದ ಅರ್ಧ ಕಚೇರಿಗಳಿಗೆ ಇದು ಕೇಳದೆ ಬಂದ ನೆಂಟನಾಯಿತು. ಕೇಳದೆ ಬಂದವರಿಗೆ ಸಿಗುವ ಮರ್ಯಾದೆಯೇ ಇದಕ್ಕೂ ಸಿಕ್ಕಿತು. "ಟೈಮ್ಸ್ ಹಾಕುವವರಿಗೆ ರುಚಿಯಿಲ್ಲ, ಆಯ್ಕೆ ಮಾಡಲು ಸೋಮಾರಿಗಳಾದವರ ಅಕ್ಷರ ಅದು" ಎಂದು ಹೇಳುವ ಜನ ನಮ್ಮ ಅಂಗಡಿಗೂ ಬರುತ್ತಾರೆ. ಇತ್ತ ದೊಡ್ಡ ದೊಡ್ಡ ಸರ್ಕಾರಗಳು ಇದರ ವಿಷಯವಾಗಿ ಆಜ್ಞೆ ಹೊರಡಿಸುತ್ತವೆ. ಅಮೆರಿಕದ ವಿದೇಶಾಂಗ ಇಲಾಖೆ 2004ರಲ್ಲಿ ಕೊರಿಯರ್ ಅಕ್ಷರವನ್ನು ಬಿಟ್ಟು ಟೈಮ್ಸನ್ನು ಹಿಡಿಯಿತು. 2023ರಲ್ಲಿ ಟೈಮ್ಸನ್ನು ಬಿಟ್ಟು ಕ್ಯಾಲಿಬ್ರಿಯನ್ನು ಹಿಡಿಯಿತು. 2025ರ ಡಿಸೆಂಬರಿನಲ್ಲಿ ಮತ್ತೆ ಟೈಮ್ಸಿಗೇ ಮರಳಿತು. ಅಷ್ಟು ದೊಡ್ಡವರು ಇಷ್ಟು ಚಿಕ್ಕದರ ಮೇಲೆ ಎಷ್ಟು ಸಲ ಮನಸ್ಸು ಬದಲಾಯಿಸುತ್ತಾರೆಂಬುದನ್ನು ಕಂಡರೆ, ಅಕ್ಷರ ಚಿಕ್ಕ ವಸ್ತುವೇನೂ ಅಲ್ಲವೆಂದು ನನಗೆ ಸಮಾಧಾನವಾಗುತ್ತದೆ.

ಇನ್ನು ನಮ್ಮ ಅಂಗಡಿಯ ಲೆಕ್ಕಕ್ಕೆ ಬರೋಣ. ನಾವು ಹಣ ತೆಗೆದುಕೊಳ್ಳುವುದು ಪುಟಕ್ಕೆ ಇಷ್ಟೆಂದು. ಆದುದರಿಂದ ಅಕ್ಷರದ ಅಗಲವೆಂದರೆ ನಮ್ಮಲ್ಲಿ ನೇರವಾಗಿ ರೂಪಾಯಿಯ ಮಾತು. ಹಳೆಯ ಬೆರಳಚ್ಚು ಯಂತ್ರದ ಮಾದರಿಯಲ್ಲಿರುವ ಕೊರಿಯರ್ ಅಕ್ಷರದಲ್ಲಿ 'ಐ' ಎಂಬ ಕಡ್ಡಿಗೂ 'ಎಂ' ಎಂಬ ಮೂರು ಕಾಲಿನವನಿಗೂ ಒಂದೇ ಅಗಲದ ಆಸನ. ಹನ್ನೆರಡರ ಅಳತೆಯಲ್ಲಿ ಅಂಗುಲಕ್ಕೆ ಸರಿಯಾಗಿ 10 ಅಕ್ಷರಗಳು ಕೂರುತ್ತವೆ. ಟೈಮ್ಸಿನಲ್ಲಿ ಅದೇ ಅಳತೆಗೆ ಸುಮಾರು 14 ಕೂರುತ್ತವೆ. ಒಮ್ಮೆ ಬಿಡುವಿನ ಹೊತ್ತಿನಲ್ಲಿ, ಟೈಮ್ಸಿನಲ್ಲಿ 40 ಪುಟವಾಗಿದ್ದ ಒಂದು ಪ್ರಾಜೆಕ್ಟ್ ವರದಿಯನ್ನು ಕೊರಿಯರಿಗೆ ಬದಲಿಸಿ ನೋಡಿದೆ. 55 ಪುಟಗಳನ್ನು ದಾಟಿತು. ಆ ವರದಿ ತಂದ ಹುಡುಗಿ ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ಮೂರು ಪ್ರತಿ ಬೇಕಾಗಿತ್ತು. ಹದಿನೈದು ಪುಟ ಮೂರು ಪ್ರತಿಯೆಂದರೆ ನಲವತ್ತೈದು ಪುಟ. ಲಂಡನ್ನಿನಲ್ಲಿ ಒಬ್ಬರು ಸುದ್ದಿಗಾಗಿ ಉಳಿಸಿದ ಜಾಗ, ತೊಂಬತ್ತು ವರ್ಷಗಳ ಮೇಲೆ ನಮ್ಮ ಊರಿನ ಒಂದು ಹುಡುಗಿಯ ಬಸ್ಸಿನ ಖರ್ಚಾಗಿ ಉಳಿಯಿತು. ಇಂತಹ ಉಪಕಾರಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ಆದರೆ ಈ ಉಳಿತಾಯದಲ್ಲಿ ಒಂದು ಮೋಸವೂ ಅಡಗಿದೆ. ಟೈಮ್ಸ್ ಹುಟ್ಟಿದ್ದು ಪತ್ರಿಕೆಯ ಕಿರಿದಾದ ಕಾಲಮಿಗೆ. ನಾವು ಅದನ್ನು ಎ4 ಕಾಗದದ ಮೇಲೆ, ಎರಡೂ ಕಡೆ ಒಂದೊಂದು ಅಂಗುಲ ಅಂಚು ಬಿಟ್ಟು, ಹನ್ನೆರಡರ ಅಳತೆಯಲ್ಲಿ ಹಾಸುತ್ತೇವೆ. ಆಗ ಒಂದೊಂದು ಸಾಲಿನಲ್ಲಿ ಸುಮಾರು 90 ಅಕ್ಷರಗಳು ತುಂಬುತ್ತವೆ. ಅಚ್ಚಿನ ಕೆಲಸ ಬಲ್ಲವರು ಸಾಲಿಗೆ 45ರಿಂದ 75 ಅಕ್ಷರಗಳು ಹಿತವೆನ್ನುತ್ತಾರೆ. ಸಾಲು ಅದಕ್ಕಿಂತ ಉದ್ದವಾದರೆ, ಅದರ ಕೊನೆ ಮುಟ್ಟಿದ ಕಣ್ಣು ಮುಂದಿನ ಸಾಲಿನ ಮೊದಲಿಗೆ ಹಿಂತಿರುಗುವಾಗ ದಾರಿ ತಪ್ಪುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತದೆ, ಇಲ್ಲವೆ ಒಂದನ್ನು ಹಾರಿಸುತ್ತದೆ. ಓಣಿಯಲ್ಲಿ ನಡೆಯಲು ಕಲಿತವನನ್ನು ಬಯಲಿನಲ್ಲಿ ಬಿಟ್ಟ ಹಾಗೆ. ದೋಷ ಅಕ್ಷರದ್ದೆಂದು ನಾವು ತಿಳಿಯುತ್ತೇವೆ. ನಿಜವಾಗಿ ನೋಡಿದರೆ ಅದು ಹಾಸಿದವರದು.

ಈ ಮಾತಿಗೆ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿದ್ದು ನ್ಯಾಯಾಲಯದ ಕಾಗದಗಳಲ್ಲಿಯೇ. 2020ರಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ತನ್ನಲ್ಲಿ ಸಲ್ಲಿಸುವ ಅರ್ಜಿಗಳು ಹೇಗಿರಬೇಕೆಂದು ಗೊತ್ತುಮಾಡಿತು. ಎ4 ಕಾಗದ, ಎರಡು ಮಗ್ಗುಲಲ್ಲೂ ಮುದ್ರಣ, ಟೈಮ್ಸ್ ನ್ಯೂ ರೋಮನ್ ಅಕ್ಷರ, ಅಳತೆ 14, ಸಾಲುಗಳ ನಡುವೆ ಒಂದೂವರೆಯ ಅಂತರ, ಎಡಕ್ಕೂ ಬಲಕ್ಕೂ 4 ಸೆಂಟಿಮೀಟರ್ ಅಂಚು. ಅದುವರೆಗೆ ಉದ್ದನೆಯ ಕಾಗದದ ಒಂದೇ ಮಗ್ಗುಲಲ್ಲಿ ಬರೆಯುವ ಪದ್ಧತಿಯಿತ್ತು. ನಮ್ಮ ಅಂಗಡಿಯ ಯಜಮಾನರು ಇದನ್ನು ಓದಿ, "ಇಷ್ಟು ಅಂಚು ಬಿಟ್ಟರೆ ಕಾಗದವೆಲ್ಲ ಬರಿದಾಗಿ ಹೋಗುತ್ತದಲ್ಲಪ್ಪ" ಎಂದರು. ನಾನು ಅಳತೆಯ ಪಟ್ಟಿ ಹಿಡಿದು ಲೆಕ್ಕ ಹಾಕಿದೆ. ಇಪ್ಪತ್ತೊಂದು ಸೆಂಟಿಮೀಟರ್ ಅಗಲದಲ್ಲಿ ಎಂಟು ಕಳೆದರೆ ಹದಿಮೂರು. ಹದಿನಾಲ್ಕರ ಅಳತೆಯಲ್ಲಿ ಅಲ್ಲಿ ಹಿಡಿಯುವುದು ಸುಮಾರು 63 ಅಕ್ಷರ. ಬಲ್ಲವರು ಹೇಳುವ ಮಿತಿಯ ನಡುವೆ ಸರಿಯಾಗಿ ಬಂದು ಕುಳಿತಿತು. "ಅಂಚಿನಲ್ಲಿ ಬಿಟ್ಟದ್ದು ವ್ಯರ್ಥವಲ್ಲ, ಅಣ್ಣ, ಓದುವವರ ಕಣ್ಣಿಗೆ ಕೊಟ್ಟದ್ದು" ಎಂದೆ. ಅವರು ಒಪ್ಪಿದರೋ ಇಲ್ಲವೋ, ಅಂದಿನಿಂದ ಅಂಚಿನ ವಿಷಯ ಮಾತನಾಡಿಲ್ಲ. ಕಾಗದದ ಎರಡು ಮಗ್ಗುಲನ್ನೂ ಬಳಸಿ ಉಳಿಸಿದ್ದರಲ್ಲಿ ಒಂದು ಪಾಲನ್ನು ಅಂಚಿಗೂ ಅಂತರಕ್ಕೂ ಹಿಂತಿರುಗಿಸುವುದು, ಇದು ಧರ್ಮಬುದ್ಧಿಯ ಲೆಕ್ಕವೆಂದು ನನಗೆ ತೋರುತ್ತದೆ.

ಎಲ್ಲ ಕಡೆಯೂ ಲೆಕ್ಕ ಹೀಗಿರುವುದಿಲ್ಲ. ನನ್ನ ಸೋದರಮಾವ ಓದಿದ್ದು ಏಳನೆಯ ತರಗತಿಯವರೆಗೆ. ಸರಕು ಸಾಗಿಸುವ ಒಂದು ಆಟೋರಿಕ್ಷಾ ಕೊಳ್ಳಲು ಅವರು ಸಾಲ ಮಾಡಿದರು. ಸಾಲ ಕೊಟ್ಟವರು ಯಾರೆಂಬುದು ಇಲ್ಲಿ ಬೇಡ. ಹನ್ನೆರಡು ಪುಟಗಳ ಒಂದು ಇಂಗ್ಲಿಷ್ ಕರಾರು ಪತ್ರವನ್ನು ಮುಂದಿಟ್ಟು, ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆಯೆಲ್ಲ ಸಹಿ ಹಾಕಿಸಿಕೊಂಡರು. ಒಂದು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಮಳೆಗಾಲದಲ್ಲಿ ಸರಕು ಸಿಗದೆ ಎರಡು ಕಂತು ತಪ್ಪಿದಾಗ, ಬೆಳಗ್ಗೆ ಎದ್ದು ನೋಡಿದರೆ ಮನೆಯ ಮುಂದೆ ಗಾಡಿ ಇರಲಿಲ್ಲ. ಅಂದು ಸಂಜೆ ಅವರು ಆ ಕರಾರು ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. "ಲೋ, ಇದರಲ್ಲಿ ಏನೋ ಬರ್ದಿದ್ದಾರಂತೆ; ಸ್ವಲ್ಪ ಓದಿ ಹೇಳೋ" ಎಂದರು.

ಓದಿದೆ. ಬರೆದಿತ್ತು. ಏಳನೆಯ ಪುಟದಲ್ಲಿ, ಒಂದೇ ಉಸಿರಿನ ಒಂದು ವಾಕ್ಯದ ನಡುವೆ, ಕಂತು ತಪ್ಪಿದರೆ ಹೆಚ್ಚಿನ ಬಡ್ಡಿ, ಗಾಡಿಯನ್ನು ಎಳೆದುಕೊಂಡು ಹೋಗುವ ಹಕ್ಕು, ಎಳೆದೊಯ್ದ ಖರ್ಚು ಎಲ್ಲವೂ ಸಾಲಗಾರನದೆಂದು ಇತ್ತು. ಅಕ್ಷರ ನನ್ನ ಪರಿಚಯದ ಟೈಮ್ಸೇ. ಆದರೆ ಮೊದಲ ನೋಟಕ್ಕೆ ಗುರುತು ಸಿಗಲಿಲ್ಲ. ಅಳತೆಯನ್ನು ಎಂಟಕ್ಕೆ ಇಳಿಸಿ, ಅದು ಸಾಲದೆಂದು ಯಂತ್ರದಿಂದ ಎರಡೂ ಕಡೆ ಒತ್ತಿ ಹಿಸುಕಿದ್ದರು. ಪಟ್ಟಿ ಇಟ್ಟು ಎಣಿಸಿದಾಗ ಅಂಗುಲಕ್ಕೆ 25ಕ್ಕಿಂತ ಹೆಚ್ಚು ಅಕ್ಷರಗಳಿದ್ದವು. ಮಾವನಿಗೆ ವಿಷಯ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಬರ್ದಿದ್ರೆ ಬರೀಲಪ್ಪ, ಬ್ಯಾಡ ಅಂದೋರ್ಯಾರು? ಕಾಣೋ ಹಾಗೆ ಬರೀಬೇಕಾಗಿತ್ತು, ಅಷ್ಟೇ" ಎಂದರು. ಬಡ್ಡಿ, ಖರ್ಚು ಎಲ್ಲ ಕಟ್ಟಿ ಗಾಡಿಯನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಅತ್ತೆಯ ಎರಡು ಬಳೆಗಳು ಹೋದವು.

ಅಡಕಕ್ಕೂ ಹಿಸುಕಿದ್ದಕ್ಕೂ ಇರುವ ಭೇದವನ್ನು ನಾನು ಆಮೇಲೆ ಕೂತು ಯೋಚಿಸಿದೆ. ಕಿರಿದಾದ ಅಕ್ಷರವನ್ನು ತಿಳಿದವರು ರೂಪಿಸುವಾಗ ಪ್ರತಿಯೊಂದನ್ನೂ ಹೊಸದಾಗಿ ಬರೆಯುತ್ತಾರೆ. ನಿಂತ ಗೆರೆಯ ದಪ್ಪವನ್ನು ಕಾಪಾಡಿಕೊಂಡು, ತಿರುವುಗಳನ್ನು ನೆಟ್ಟಗೆ ಮಾಡಿ, 'ಓ' 'ಇ' ಮೊದಲಾದವುಗಳ ಹೊಟ್ಟೆಯೊಳಗಿನ ಬಿಳಿ ಮುಚ್ಚಿಹೋಗದಂತೆ ನೋಡಿಕೊಳ್ಳುತ್ತಾರೆ. ಯಂತ್ರ ಹಿಸುಕುವಾಗ ಈ ವಿವೇಚನೆಯಿಲ್ಲ. ಅಡ್ಡಡ್ಡಲಾಗಿ ಒತ್ತುವುದರಿಂದ ನಿಂತ ಗೆರೆಗಳು ಸೊರಗುತ್ತವೆ, ಅಡ್ಡ ಗೆರೆಗಳು ಇದ್ದಷ್ಟೇ ಇರುತ್ತವೆ. ದುಂಡಗಿನ 'ಓ' ಮೊಟ್ಟೆಯಾಗುತ್ತದೆ. ಅಕ್ಷರದ ಒಳಗಿನ ಬಿಳಿಯೂ ಅಕ್ಷರಗಳ ನಡುವಿನ ಬಿಳಿಯೂ ಒಟ್ಟಿಗೆ ಸಾಯುತ್ತವೆ. ಯೋಗಾಭ್ಯಾಸದಿಂದ ತೆಳ್ಳಗಾದವನಿಗೂ ಉಪವಾಸ ಬಿದ್ದು ತೆಳ್ಳಗಾದವನಿಗೂ ಇರುವ ಅಂತರ ಇದು. ತಕ್ಕಡಿಯಲ್ಲಿ ಇಬ್ಬರ ತೂಕವೂ ಒಂದೇ ಬರಬಹುದು.

ಕಿರಿದಾದ ಅಕ್ಷರಗಳೆಲ್ಲ ಕೆಟ್ಟ ಉದ್ದೇಶದವೆಂದು ಇದರಿಂದ ತಿಳಿಯಬಾರದು. ನಿಘಂಟಿನ ಪುಟವನ್ನು ನೋಡಿ; ರೈಲ್ವೆ ವೇಳಾಪಟ್ಟಿಯನ್ನು ನೋಡಿ; ಅಡಕವಾದ ಅಕ್ಷರವಿಲ್ಲದಿದ್ದರೆ ಅವನ್ನು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ದೊಡ್ಡ ಅಳತೆಯಲ್ಲಿಯೂ ಅವಕ್ಕೆ ಸೊಗಸುಂಟು. ಆಪಲ್ ಸಂಸ್ಥೆ 1984ರಿಂದ ಸುಮಾರು ಎರಡು ದಶಕಗಳ ಕಾಲ ತನ್ನ ಜಾಹೀರಾತುಗಳಲ್ಲಿ ಗ್ಯಾರಮಾಂಡ್ ಅಕ್ಷರದ ಕಿರಿದಾದ ಒಂದು ರೂಪವನ್ನು ಬಳಸಿತು. ಪುಟದ ನಡುವೆ ನಾಲ್ಕೇ ಪದ. ಸುತ್ತಲೂ ಬೇಕಾದಷ್ಟು ಬಿಳಿ. ಅಲ್ಲಿ ಆ ತೆಳ್ಳನೆಯ ಅಕ್ಷರ ತೆಂಗಿನ ಮರದಂತೆ ನಿಂತಿರುತ್ತಿತ್ತು. ಪತ್ರಿಕೆಯ ತಲೆಬರಹದಲ್ಲಿಯೂ ಹೀಗೆಯೇ. ಅಕ್ಷರ ಕಿರಿದಾದಷ್ಟೂ ಅದನ್ನು ಎತ್ತರಕ್ಕೆ ಬೆಳೆಸಬಹುದು, ದೂರದಿಂದ ಓದಬಹುದು. ಒಂದೇ ಗುಣ ಒಂದು ಕಡೆ ಓದುಗನನ್ನು ಕರೆಯುತ್ತದೆ, ಇನ್ನೊಂದು ಕಡೆ ಓದುಗನಿಂದ ಅಡಗಿಸುತ್ತದೆ.

ನಮ್ಮ ಕನ್ನಡ ಅಕ್ಷರವನ್ನು ಇದರ ಪಕ್ಕದಲ್ಲಿಟ್ಟು ನೋಡುವುದೂ ನನ್ನ ಸಂಜೆಯ ಕೆಲಸದ ಒಂದು ಭಾಗ. ಒಂದೇ ಪ್ರಮಾಣಪತ್ರವನ್ನು ಎರಡು ಭಾಷೆಯಲ್ಲೂ ಮಾಡಿಕೊಡಬೇಕಾಗಿ ಬರುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಪ್ರಯಾಣಿಕರಂತೆ ಇಂಗ್ಲಿಷ್ ಅಕ್ಷರಗಳು. ಒಂದಿಷ್ಟು ಸರಿಯಿರಿ ಎಂದರೆ ಸರಿಯುತ್ತವೆ. ಕನ್ನಡದವು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಹಿರಿಯರು. ದುಂಡಗಿನ ಮೈ, ತಲೆಯ ಮೇಲೆ ತಲೆಕಟ್ಟು, ಪಕ್ಕದಲ್ಲಿ ದೀರ್ಘ, ಕಾಲ ಕೆಳಗೆ ಒತ್ತಕ್ಷರ. ಅಡ್ಡಲಾಗಿ ಹಿಸುಕಿದರೆ ದುಂಡು ಕೆಡುತ್ತದೆ. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಮುಟ್ಟುತ್ತದೆ. ಕಕ್ಷಿಗಾರರು ಕೆಲವರು "ಒಂದೇ ಪುಟದಲ್ಲಿ ಹಿಡಿಸಿಬಿಡಿ" ಎನ್ನುತ್ತಾರೆ. ಟೈಮ್ಸಿನಲ್ಲಿ ಕೆಲವು ವೇಳೆ ಅದು ಆಗುತ್ತದೆ. ಕನ್ನಡದಲ್ಲಿ ಆಗಬೇಕಾದರೆ ಅಕ್ಷರವನ್ನು ಒತ್ತುವುದಕ್ಕಿಂತ ಮಾತನ್ನು ಕಡಮೆ ಮಾಡುವುದೇ ದಾರಿ. ಇದು ಕೊರತೆಯೆಂದು ಮೊದಲು ಭಾವಿಸಿದ್ದೆ. ಈಗ ಇದರಲ್ಲೊಂದು ನ್ಯಾಯವಿದೆಯೆಂದು ತೋರುತ್ತದೆ. ಜಾಗ ಸಾಲದೆ ಹೋದಾಗ ಓದುವವನ ಕಣ್ಣಿಗಿಂತ ಮೊದಲು ಬರೆದವನ ಮಾತು ತೆಳ್ಳಗಾಗಬೇಕಲ್ಲವೇ?

ಟೈಮ್ಸ್ ಹಳತಾಯಿತೆಂದು ಹೇಳುವವರೊಡನೆ ನನಗೆ ಜಗಳವಿಲ್ಲ. ಗಣಕದ ಪರದೆಯ ಮೇಲೆ, ಅದರಲ್ಲೂ ಸಣ್ಣ ಅಳತೆಯಲ್ಲಿ, ಅದರ ತೆಳು ಗೆರೆಗಳು ಕೆಲವರ ಕಣ್ಣಿಗೆ ಹಿತವಾಗುವುದಿಲ್ಲವೆಂಬುದು ನಿಜ. ಅಲ್ಲಿಗೆ ಬೇರೆ ಅಕ್ಷರಗಳು ಬಂದಿವೆ, ಬರಲಿ. ಆದರೆ ಒಂದು ಅಕ್ಷರವನ್ನು ಅಳೆಯಬೇಕಾದರೆ ಅದು ಎಷ್ಟು ಉಳಿಸಿತು ಎಂದಷ್ಟೇ ಕೇಳಿದರೆ ಸಾಲದು. ಉಳಿಸಿದ್ದು ಯಾರ ಪಾಲಿಗೆ ಹೋಯಿತು ಎಂದೂ ಕೇಳಬೇಕು. ಮಾರಿಸನ್ನರ ಪತ್ರಿಕೆಯಲ್ಲಿ ಅದು ಓದುಗನಿಗೆ ಇನ್ನೊಂದು ಸುದ್ದಿಯಾಗಿ ಹೋಯಿತು. ವರದಿ ತಂದ ಹುಡುಗಿಗೆ ಬಸ್ಸಿನ ಖರ್ಚಾಗಿ ಹೋಯಿತು. ನ್ಯಾಯಾಲಯದ ಅರ್ಜಿಯಲ್ಲಿ ಅಗಲವಾದ ಅಂಚಾಗಿ, ಓದುವ ನ್ಯಾಯಾಧೀಶರ ಕಣ್ಣಿಗೆ ಹೋಯಿತು. ಮಾವನ ಕರಾರು ಪತ್ರದಲ್ಲಿ ಮಾತ್ರ ಉಳಿಸಿದವರ ಪೆಟ್ಟಿಗೆಗೇ ಹೋಯಿತು.

ಈಗ ವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿದೆ. ಸಹಪಾಠಿಗಳು ವರದಿಗಳನ್ನು ಹಿಡಿದು ಬರುವ ಕಾಲ. ಪುಟ ಕಡಮೆ ಮಾಡಿಕೊಡೆಂದು ಕೆಲವರು, ಹೆಚ್ಚಾಗಿ ಕಾಣುವಂತೆ ಮಾಡಿಕೊಡೆಂದು ಕೆಲವರು ಕೇಳುತ್ತಾರೆ. ಎರಡೂ ನನ್ನಿಂದ ಆಗುವ ಕೆಲಸವೇ. ಆದರೆ ಕಂತಿನ ಸಾಲದ್ದೋ ಬಾಡಿಗೆಯದೋ ಕರಾರು ಪತ್ರ ಬಂದಾಗ, ಯಜಮಾನರ ಒಪ್ಪಿಗೆ ಪಡೆದು, ಒಂದು ನಿಯಮ ಇಟ್ಟುಕೊಂಡಿದ್ದೇನೆ. ಷರತ್ತುಗಳನ್ನು ಹನ್ನೆರಡಕ್ಕಿಂತ ಕೆಳಗೆ ಇಳಿಸುವುದಿಲ್ಲ; ಹಿಸುಕುವುದಿಲ್ಲ; ಸಾಲುಗಳ ನಡುವೆ ಬೆಳಕಿಗೆ ಜಾಗ ಬಿಡುತ್ತೇನೆ. ಇದರಿಂದ ಒಂದು ಪುಟ ಹೆಚ್ಚಾದರೆ ಅದಕ್ಕೆ ಹಣ ತೆಗೆದುಕೊಳ್ಳಬೇಡವೆಂದು ಯಜಮಾನರೇ ಹೇಳಿದ್ದಾರೆ. ಮೊನ್ನೆ ಒಬ್ಬ ಅಜ್ಜಿ ಮಗನ ಅಂಗಡಿಯ ಬಾಡಿಗೆ ಪತ್ರವನ್ನು ತೆಗೆದುಕೊಂಡು, ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು, ಕನ್ನಡಕ ಏರಿಸಿ, ಕನ್ನಡದ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಓದಿ ಮುಗಿಸಿ, "ಮೂರನೇದು ನಂಗೆ ಒಪ್ಪಿಗೆ ಇಲ್ಲ ಕಣಪ್ಪ, ಅದನ್ನ ತಿದ್ದು" ಎಂದರು. ತಿದ್ದಿದೆ.